ಕಂಬಳಿಗೆ ಬಿದ್ದ ಹುಳು

ಚಿಮ್ಮನಚೋಡ, ಚಿಂಚೋಳಿ, ಸೇಡಂ ಸೀಮೆಯ ಮನೆಗಳಲ್ಲಿ ಮದುವೆ, ದಾಸೋಹಗಳು ಮುಗಿದೊಡನೆ ಹಾಸುಗಳನ್ನು ಮಡಚಿ ಟ್ರಂಕಿನಲ್ಲಿಯೋ ಅಟ್ಟದ ಮೇಲೆಯೋ ಇರಿಸುವುದು ರೂಢಿ. ಮುಂದಿನ ಕಾರ್ಯಕ್ಕೆಂದು ಬಿಚ್ಚಿದಾಗ ಹಿರಿಯರ ಕಾಲದ ಕಂಬಳಿ ಜರಡಿಯಂತಾಗಿರುತ್ತದೆ. ತಾಯಂದಿರು ಇಲಿಯನ್ನು ಶಪಿಸುತ್ತಾರೆ. ಅನೇಕ ವೇಳೆ ಅದು ಎಳ್ಳುಕಾಳಿನಷ್ಟಿರುವ ಒಂದು ಜೀರುಂಡೆಯ ಸಂತಾನದ ಕೆಲಸ.

ಬೆಳೆದ ಜೀರುಂಡೆ ಹೂವಿನ ಪರಾಗವನ್ನುಂಡು ಬದುಕುವ ನಿರುಪದ್ರವಿ. ಕಿಟಕಿಯ ಬಳಿ ನಮಗೆ ಕಾಣುವುದು ಅದೇ. ಉಣ್ಣೆಯನ್ನು ತಿನ್ನುವುದು ಅದರ ಮರಿಹುಳು. ಮೈತುಂಬ ಕಂದು ರೋಮವುಳ್ಳ ಈ ಹುಳು ಬೆಳಕಿಗಂಜಿ ಮಡಿಕೆಗಳಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ. ಕಳಚಿಬಿದ್ದ ಪೊರೆಗಳೇ ಅದರ ಗುರುತು. ಉಣ್ಣೆ, ರೇಷ್ಮೆ, ಕೂದಲು, ಹಕ್ಕಿಯ ಪುಕ್ಕ ಅದರ ಆಹಾರ. ನವಲಗುಂದದ ಜಮಖಾನೆ ಹತ್ತಿಯದಾದ್ದರಿಂದ ಶುಚಿಯಾಗಿದ್ದರೆ ಭಯವಿಲ್ಲ. ತುಪ್ಪ, ಸಾರು ಚೆಲ್ಲಿದ ಕಲೆ ಉಳಿದಿದ್ದರೆ ಅದನ್ನೂ ಕಡಿಯುವುದುಂಟು.

ಇದಕ್ಕೆ ನಮ್ಮ ಸೀಮೆಯ ಬಿಸಿಲಿಗಿಂತ ಅಗ್ಗದ ಮದ್ದಿಲ್ಲ. ಸುಮಾರು 50 ಡಿಗ್ರಿಗೆ ಮೇಲ್ಪಟ್ಟ ಕಾವು ಕೆಲವು ತಾಸು ಒಳಗಿನವರೆಗೂ ತಟ್ಟಿದರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಏಪ್ರಿಲ್, ಮೇ ತಿಂಗಳ ನಡುಹಗಲಲ್ಲಿ ಶಹಾಬಾದ ಕಲ್ಲಿನ ಮಾಳಿಗೆಯ ಮೇಲೆ ಬರಿಗಾಲಿಡಲಾಗದು. ಕಂಬಳಿಯನ್ನು ಹಾಸಬೇಕಾದುದು ಅಲ್ಲಿಯೇ. ಮೊದಲು ಹೊರಗೆ ಕೋಲಿನಿಂದ ಬಡಿದು, ಬ್ರಷ್ಷಿನಿಂದ ಉಜ್ಜಿ, ಆಮೇಲೆ ಒಂದೇ ಪದರಾಗಿ ಹರಡಿ, ಮಗುಚಿ ಹಾಕಬೇಕು. ಮಡಚಿಯೇ ಒಣಹಾಕಿದರೆ ಹುಳು ತಂಪಾದ ಒಳಮಡಿಕೆಗೆ ಸರಿದು ಬದುಕಿಕೊಳ್ಳುತ್ತದೆ.

ಅಷ್ಟರಲ್ಲಿ ಕೋಣೆಯನ್ನೂ ನೋಡಬೇಕು. ನೆಲಗಲ್ಲಿನ ಸಂದುಗಳಲ್ಲಿ ಸೇರಿದ ಕೂದಲು, ಟ್ರಂಕಿನ ಕೆಳಗಿನ ಧೂಳು, ಜಂತಿಯ ಸಂದಿನಲ್ಲಿ ಗುಬ್ಬಿ ಪಾರಿವಾಳಗಳು ಬಿಟ್ಟುಹೋದ ಗೂಡು, ಇವೇ ಹುಳುವಿನ ತವರು. ಅವನ್ನು ತೆಗೆಯದೆ ಕಂಬಳಿಯನ್ನಷ್ಟೇ ಒಣಗಿಸಿದರೆ ಪೀಡೆ ಮರಳುವುದು ನಿಶ್ಚಿತ. ಬೇವಿನ ಎಲೆ ಇಡುವವರನ್ನು ನಾವು ಬೇಡವೆನ್ನೆವು. ಆದರೆ ಒಳಹೊಕ್ಕ ಹುಳುವನ್ನು ಅದು ಕೊಲ್ಲುವುದಿಲ್ಲ.

ಡಾಂಬರುಗುಳಿಗೆಯ ವಿಷಯದಲ್ಲಿ ಮಾತ್ರ ನಾವು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಗಾಳಿಯಾಡದಂತೆ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಲ್ಲಲ್ಲದೆ ಅದು ಹುಳುವನ್ನು ಕೊಲ್ಲದು. ತೆರೆದ ಕಪಾಟಿನಲ್ಲಿ ಚೆಲ್ಲಿದರೆ ಆ ಹೊಗೆ ಸೇರುವುದು ನಮ್ಮ ಉಸಿರನ್ನು. ಅದರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನ್ಯಾಫ್ತಲೀನ್, ರಕ್ತದಲ್ಲಿ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ತರಬಲ್ಲದು. ಈ ಕೊರತೆ ಹುಟ್ಟಿನಿಂದಲೇ ಬರುವಂಥದು, ನೋಡಿದರೆ ತಿಳಿಯುವುದಿಲ್ಲ. ಬಾಣಂತಿಯ ಕೋಣೆಗೆಂದು ಟ್ರಂಕಿನಿಂದ ತೆಗೆದ, ಆ ಗುಳಿಗೆಯ ವಾಸನೆಯುಳ್ಳ ಕುಲಾವಿ ದುಪ್ಪಟಿಗಳನ್ನು ಎಳೆಗೂಸಿಗೆ ತೊಡಿಸಲೂ ಬಾರದು, ಹೊದಿಸಲೂ ಬಾರದು. ಮಗುವಿನ ಕಣ್ಣು ಹಳದಿಯಾಗಿ ಮೂತ್ರ ಕಪ್ಪಾದರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ. ಗುಳಿಗೆಯಿಟ್ಟ ಬಟ್ಟೆ ಹೊದಿಸಿದ್ದರೆ ಅದನ್ನೂ ಅವರಿಗೆ ತಿಳಿಸಿರಿ.