ಲೆನ್ಸಿಗೆ ಸಾಲ ಮಾಡಬೇಡಿ, ಸ್ಟುಡಿಯೋದ ಹಳೇ ಬೀರು ತೆಗೆಸಿ ನೋಡಿ

ಹಳ್ಳಿಯಲ್ಲಿದ್ದುಕೊಂಡು ಸುದ್ದಿ ಮಾಡುತ್ತೇವೆ ಎನ್ನುವ ಹುಡುಗ ಹುಡುಗಿಯರಿಗೆ ಸಿಗುವ ಮೊದಲ ಉಪದೇಶ ಇದು: "ಮೊದಲು ಒಂದು ಒಳ್ಳೇ ಜೂಮ್ ಲೆನ್ಸ್ ತಗೊಳ್ಳಿ, ಆಮೇಲೆ ಫೋಟೋ ವಿಷಯ ಮಾತಾಡೋಣ." ಅವರು ಹೇಳುವ ಒಳ್ಳೇ ಲೆನ್ಸ್, ಅಂದರೆ ದೊಡ್ಡ ಕಂಪನಿಯ ಹೊಸ 70-200 ಎಫ್/2.8, ಲಕ್ಷ ರೂಪಾಯಿ ದಾಟುತ್ತದೆ. ಅಚ್ಚಾದ ಒಂದು ಫೋಟೋಗೆ ನೂರಿನ್ನೂರು ಕೊಡಲೂ ಮೀನಮೇಷ ಎಣಿಸುವ ಕಸುಬಿನಲ್ಲಿ ಆ ಲೆನ್ಸಿನ ಕಂತು ಕಟ್ಟುವವರು ಯಾರು? ಅಪ್ಪನ ಹೆಸರಿನ ಬೆಳೆ ಸಾಲವೇ? ಅಮ್ಮನ ಸಂಘದ ಸಾಲವೇ?

ನಾವು ಈ ಉಪದೇಶವನ್ನು ಒಪ್ಪುವುದಿಲ್ಲ. ಕೈಯಲ್ಲಿ ತಿರುಗಿಸಿ ಫೋಕಸ್ ಮಾಡುವ ಹಳೇ 135 ಅಥವಾ 200 ಎಂಎಂ ಲೆನ್ಸ್, ಈಗಿನ ಡಿಜಿಟಲ್ ಕ್ಯಾಮೆರಾಗೆ ಒಂದು ಅಡಾಪ್ಟರ್ ರಿಂಗ್, ಸ್ವಲ್ಪ ಅಭ್ಯಾಸ. ಹಳ್ಳಿಯ ಸುದ್ದಿಯ ಬಹುಪಾಲು ಇಷ್ಟರಲ್ಲೇ ಆಗುತ್ತದೆ.

ದೂರದ ಲೆನ್ಸ್ ನಮಗೆ ಶೋಕಿಯಲ್ಲ. ಹೊಳೆಯ ಆಚೆ ದಡದಲ್ಲಿ ರಾತ್ರಿ ಕಳೆದು ಬೆಳಗಾದರೂ ಮರಳು ತುಂಬುತ್ತಿರುವ ಲಾರಿಯ ಹತ್ತಿರ ಹೋಗಿ ಫೋಟೋ ತೆಗೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಸಕಲೇಶಪುರದ ಕಾಫಿ ತೋಟಕ್ಕೆ ಆನೆ ಬಂದಾಗ ಫೋನ್ ಹಿಡಿದು ಮುಂದೆ ಮುಂದೆ ಹೋಗುವವರನ್ನೂ ನೋಡಿದ್ದೀರಿ. ಫೋನಿನಲ್ಲಿ ಎರಡು ಬೆರಳಿಟ್ಟು ಮಿತಿ ಮೀರಿ ಹಿಗ್ಗಿಸಿದರೆ ಇರುವ ಚಿತ್ರವೇ ಉಬ್ಬುತ್ತದೆ. ಲಾರಿಯ ನಂಬರ್ ಓದಲಾಗದಷ್ಟು ಕಲಸಿಹೋಗುತ್ತದೆ. ದೂರ ನಿಂತು ಹತ್ತಿರದ್ದನ್ನು ಹಿಡಿಯುವುದು ನಮ್ಮ ಪಾಲಿಗೆ ಜೀವ ಉಳಿಸಿಕೊಳ್ಳುವ ದಾರಿ.

"ಆಟೋಫೋಕಸ್ ಇಲ್ಲದೆ ಸುದ್ದಿ ಫೋಟೋ ಆಗುತ್ತಾ?" ಎಂದು ಕೇಳುತ್ತಾರೆ. ಬಾಡಿಯೊಳಗೇ ಆಟೋಫೋಕಸ್ ಇಟ್ಟು ಮಾರುಕಟ್ಟೆ ಗೆದ್ದ ಮಿನೋಲ್ಟಾ 7000 ಬಂದದ್ದು 1985ರಲ್ಲಿ. ಕಪಿಲ್ ದೇವ್ ಕಪ್ ಎತ್ತಿದ್ದು 1983ರಲ್ಲಿ. ಆಗ ಮೈದಾನದಂಚಿನಲ್ಲಿ ಕೂತ ಫೋಟೋಗ್ರಾಫರ್‌ಗಳು ರಿಂಗನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಫೋಟೋಗಳ ಪುಸ್ತಕ ಬಂದದ್ದೂ 1983ರಲ್ಲೇ. ಅವರ ಕಾಲದಲ್ಲಿ ರೀಲ್ ಒಂದರಲ್ಲಿ 36 ಫೋಟೋ ಮಾತ್ರ, ಸರಿ ಬಂತೋ ಇಲ್ಲವೋ ತಿಳಿಯಲು ರೀಲ್ ತೊಳೆಸಬೇಕು. ನಿಮಗೆ ತೆಗೆದ ತಕ್ಷಣ ಪರದೆಯಲ್ಲಿ ಕಾಣುತ್ತದೆ, ತಪ್ಪಿದ್ದನ್ನು ಅಳಿಸಿ ಇನ್ನೊಂದು ತೆಗೆಯಬಹುದು. ಅವರಿಗೆ ಆದದ್ದು ನಿಮಗೆ ಆಗುವುದಿಲ್ಲ ಎನ್ನುವುದು ಯಾವ ನ್ಯಾಯ?

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕೈ ಫೋಕಸ್ ಹಿಂದಿಗಿಂತ ಸುಲಭ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಚುರುಕಾಗಿ ಬಿದ್ದ ಅಂಚುಗಳಿಗೆ ಬಣ್ಣ ಹತ್ತುತ್ತದೆ. ಬಟನ್ ಒತ್ತಿದರೆ ಕಣ್ಣಿನ ಭಾಗವಷ್ಟೇ ದೊಡ್ಡದಾಗಿ ಕಾಣುತ್ತದೆ. ಸಣ್ಣ ಸೆನ್ಸರ್‌ನ ಕ್ಯಾಮೆರಾಗೆ 200 ಎಂಎಂ ಹಾಕಿದರೆ ಸುಮಾರು 300 ಎಂಎಂನಷ್ಟು ಹತ್ತಿರ ಕಾಣುತ್ತದೆ. ಹತ್ತು ಮೀಟರ್ ದೂರದ ಮನುಷ್ಯನಿಗೆ ಎಫ್/4ರಲ್ಲಿ ಫೋಕಸ್ ಇಟ್ಟರೆ ಹೆಚ್ಚುಕಡಿಮೆ ಒಂದು ಮೊಳದಷ್ಟು ಆಳ ಸ್ಪಷ್ಟವಾಗಿರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಅಜ್ಜಿಯ ಮುಖ ಹಿಡಿಯಲು ಒಂದು ಮೊಳ ಸಾಲದೇ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಗೂಡಿನಲ್ಲಿ ಕೂತ ಹೆಜ್ಜಾರ್ಲೆ ನಿಮ್ಮ ಫೋಕಸ್ ಮುಗಿಯುವ ಮುಂಚೆ ಎಲ್ಲಿಗೂ ಓಡುವುದಿಲ್ಲ.

ಓಡುವುದನ್ನು ಹಿಡಿಯಲೂ ಉಪಾಯವಿದೆ. ಕಂಬಳದಲ್ಲಿ ಕೋಣದ ಹಿಂದೆ ರಿಂಗ್ ತಿರುಗಿಸುತ್ತಾ ಹೋಗಬೇಡಿ. ಓಟ ಮುಗಿಯುವ ಮಂಜೊಟ್ಟಿ ಕಡೆ ಒಂದು ಜಾಗಕ್ಕೆ ಮೊದಲೇ ಫೋಕಸ್ ಮಾಡಿ ಕಾಯಿರಿ, ಕೋಣ ಅಲ್ಲಿಗೆ ಬಂದಾಗ ಒತ್ತಿ. ತೇರು ಎಳೆಯುವಾಗಲೂ ಹೀಗೇ. ಹಾರುವ ಹಕ್ಕಿ, ಕಬಡ್ಡಿಯ ರೈಡ್, ಎತ್ತ ನುಗ್ಗುತ್ತದೋ ತಿಳಿಯದ ಗುಂಪು, ಇವುಗಳಲ್ಲಿ ಆಟೋಫೋಕಸ್ಸೇ ಮೇಲು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ಕಬಡ್ಡಿ ಪಂದ್ಯಕ್ಕಾಗಿ ಲಕ್ಷ ರೂಪಾಯಿ ಸಾಲವೇ? ಆ ನಾಲ್ಕು ದಿನ ಬಾಡಿಗೆಗೆ ತನ್ನಿ.

ಈಗ ಇನ್ನೊಂದು ಕಡೆಯವರಿಗೂ ಒಂದು ಮಾತು. ನಗರಗಳಲ್ಲಿ ಹಳೇ ಲೆನ್ಸಿಗೆ "ವಿಂಟೇಜ್" ಎಂದು ಹೆಸರಿಟ್ಟು, "ಇದರ ಬಣ್ಣವೇ ಬೇರೆ, ಇದರಲ್ಲಿ ಜೀವ ಇದೆ" ಎಂದು ಬೆಲೆ ಏರಿಸುವವರಿದ್ದಾರೆ. ಜೀವ ಇರುವುದು ಫೋಟೋದಲ್ಲಿರುವ ಜನರಲ್ಲಿ, ಗಾಜಿನಲ್ಲಿ ಅಲ್ಲ. ಹಳೇ ಲೆನ್ಸನ್ನು ಪೂರ್ತಿ ತೆರೆದು ತೆಗೆದರೆ ಬಿಳಿ ಪಂಚೆಯ ಅಂಚಿಗೆ ನೇರಳೆ ಗೆರೆ ಬರಬಹುದು. ಎದುರು ಬಿಸಿಲಿಗೆ ಚಿತ್ರ ಬಿಳಿಚಿಕೊಳ್ಳಬಹುದು. ಅವು ದೋಷಗಳೇ, ಸೊಗಸಲ್ಲ. ಎಫ್/5.6ಕ್ಕೋ ಎಫ್/8ಕ್ಕೋ ಇಳಿಸಿ, ಮುಂದೆ ಒಂದು ಹುಡ್ ಹಾಕಿ, ಬಹಳಷ್ಟು ಸರಿಹೋಗುತ್ತದೆ. ನಮಗೆ ಹಳೇ ಲೆನ್ಸ್ ಬೇಕಿರುವುದು ಅದು ಕೈಗೆಟಕುವ ಬೆಲೆಗೆ ಸಿಗುತ್ತದೆ, ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ. ಶೋಕಿ ಬೆಲೆ ಕೇಳಿದರೆ ಬಿಟ್ಟು ಬನ್ನಿ.

ಇನ್ನು ಎಲ್ಲಿ ಸಿಗುತ್ತದೆ? ರೀಲ್ ಕಾಲದಲ್ಲಿ ಮದುವೆ ಫೋಟೋ ತೆಗೆದ ಹಳೇ ಸ್ಟುಡಿಯೋಗಳಲ್ಲಿ ವಿಚಾರಿಸಿ. ಮಗ ಡಿಜಿಟಲ್‌ಗೆ ಬದಲಾದ ಮೇಲೆ ಅಪ್ಪನ ಲೆನ್ಸ್ ಬೀರುವಿನಲ್ಲೇ ಉಳಿದಿರುವುದುಂಟು. ಕೊಳ್ಳುವ ಮುಂಚೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸ್ಟು, ಮಲೆನಾಡು ಕರಾವಳಿಯ ಲೆನ್ಸುಗಳಲ್ಲಿ ಇದು ಮಾಮೂಲು. ಒಳಗೆಲ್ಲ ಹಬ್ಬಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಫೋಕಸ್ ರಿಂಗ್ ಬಿಗಿಯಾಗಿ ಕಚ್ಚಿಕೊಂಡಿರಬಾರದು.

ಯಾವ ಕ್ಯಾಮೆರಾಗೆ ಯಾವ ಲೆನ್ಸ್ ಎಂಬುದನ್ನು ತಿಳಿಯದೆ ದುಡ್ಡು ಕೊಡಬೇಡಿ. ಮಿರರ್‌ಲೆಸ್‌ಗೆ ಸರಿಯಾದ ರಿಂಗ್ ಹಾಕಿದರೆ ಹಳೇ ಎಸ್ಎಲ್ಆರ್ ಲೆನ್ಸುಗಳು ಬಹುತೇಕ ಎಲ್ಲವೂ ಕೂರುತ್ತವೆ. ಕ್ಯಾನನ್ ಡಿಎಸ್ಎಲ್ಆರ್‌ಗೆ ಹಳೇ ನಿಕಾನ್ ಲೆನ್ಸೂ, ತಿರುಪು ಹಾಕುವ ಎಂ42 ಲೆನ್ಸೂ ರಿಂಗ್ ಮೂಲಕ ಆಗುತ್ತವೆ. ಕ್ಯಾನನ್ ಕಂಪನಿಯದೇ ಹಳೇ ಎಫ್‌ಡಿ ಲೆನ್ಸ್ ಮಾತ್ರ ಅದಕ್ಕೆ ಸರಿಯಾಗಿ ಆಗುವುದಿಲ್ಲ, ದೂರದ್ದು ಫೋಕಸ್ ಆಗದು. ನಿಕಾನ್ ಡಿಎಸ್ಎಲ್ಆರ್‌ಗೆ ಎಂ42 ಹಾಕಿದರೂ ಇದೇ ಪಾಡು. ನಿಕಾನ್ 1977ರಿಂದ ತಂದ ಎಐ ಲೆನ್ಸುಗಳು ಡಿ3000, ಡಿ5000 ಸಾಲಿನ ಬಾಡಿಗಳ ಮೇಲೆ ಕೂರುತ್ತವೆ. ಅವುಗಳಲ್ಲಿ ಬೆಳಕಿನ ಲೆಕ್ಕ ನೀವೇ ಎಂ ಮೋಡ್‌ನಲ್ಲಿ ಮಾಡಬೇಕು, ಆದರೆ ಫೋಕಸ್ ಸರಿಯಾದಾಗ ಹಸಿರು ಚುಕ್ಕೆ ಹೇಳುತ್ತದೆ. ಮಿರರ್‌ಲೆಸ್‌ನಲ್ಲಿ ಫೋಟೋ ಬೀಳದಿದ್ದರೆ ಗಾಬರಿ ಬೇಡ. ಮೆನುವಿನಲ್ಲಿ "ಲೆನ್ಸ್ ಇಲ್ಲದೆಯೂ ಶಟರ್" ಎಂಬರ್ಥದ ಆಯ್ಕೆಯನ್ನು ಆನ್ ಮಾಡಿ. ಶಟರ್ ವೇಗ 1/320ಕ್ಕಿಂತ ಕಡಿಮೆ ಬೇಡ, ಕೈ ನಡುಗಿದ್ದು ಉದ್ದ ಲೆನ್ಸಿನಲ್ಲಿ ಎದ್ದು ಕಾಣುತ್ತದೆ.

ಪತ್ರಿಕೆಗಳ ಡೆಸ್ಕಿನವರಿಗೂ, ಪತ್ರಿಕೋದ್ಯಮ ಪಾಠ ಹೇಳುವ ಮೇಷ್ಟ್ರುಗಳಿಗೂ ನಮ್ಮ ಕೋರಿಕೆ ಒಂದೇ. ಫೋಟೋ ಕೊಟ್ಟವರನ್ನು "ಯಾವ ಲೆನ್ಸ್?" ಎಂದು ಕೇಳಬೇಡಿ, "ಅಲ್ಲಿ ಏನಾಯಿತು?" ಎಂದು ಕೇಳಿ. ದುಬಾರಿ ಲೆನ್ಸ್ ಇದ್ದವರಷ್ಟೇ ಫೋಟೋ ತೆಗೆಯಬೇಕೆಂದರೆ ನಮ್ಮೂರಿನ ಚಿತ್ರವನ್ನು ಪ್ರವಾಸಕ್ಕೆ ಬಂದವರು ಮಾತ್ರ ತೆಗೆಯುತ್ತಾರೆ. ಅವರಿಗೆ ಜಲಪಾತ ಕಾಣುತ್ತದೆ, ಜಾತ್ರೆಯ ಬಣ್ಣ ಕಾಣುತ್ತದೆ. ಒಡೆದ ನಾಲೆ, ಬಾಗಿಲು ಹಾಕಿದ ಶಾಲೆ, ಮರಳಿನ ಲಾರಿ ಕಾಣುವುದು ಊರಲ್ಲೇ ಇರುವವರಿಗೆ.

ಆದ್ದರಿಂದ ಈ ವಾರ ಸಾಲದ ಅರ್ಜಿ ತುಂಬುವ ಮುಂಚೆ ಒಮ್ಮೆ ಹತ್ತಿರದ ಪೇಟೆಗೆ ಹೋಗಿ. ಸ್ಟುಡಿಯೋದ ಹಿರಿಯರನ್ನು ಮಾತಾಡಿಸಿ, ಬೀರು ತೆಗೆಸಿ, ಟಾರ್ಚ್ ಬಿಟ್ಟು ನೋಡಿ. ಫೋಕಸ್ ಹೇಗೆ ಮಾಡುತ್ತಿದ್ದಿರಿ ಎಂದೂ ಅವರನ್ನೇ ಕೇಳಿ. ಲೆನ್ಸಿನ ಜೊತೆ ಆ ವಿದ್ಯೆಯನ್ನೂ ಅವರು ಸಂತೋಷದಿಂದ ಕೊಡುತ್ತಾರೆ.