ಊರ ಗೋಷ್ಠಿಗಳೂ ಮನೋರಮೆಯ ಅಧಿಕಾರವೂ

ಕನ್ನಡದ ಏಳಿಗೆಯ ಮಾತು ಬಂದೊಡನೆ ನಮ್ಮ ದೃಷ್ಟಿಯು ಬೆಂಗಳೂರು, ಮೈಸೂರು, ಧಾರವಾಡಗಳ ಕಡೆಗೆ ಹರಿಯುವುದು ರೂಢಿಯಾಗಿಹೋಗಿದೆ. ಪರಿಷತ್ತು ಅಲ್ಲಿ, ವಿದ್ಯಾಪೀಠಗಳು ಅಲ್ಲಿ, ದೊಡ್ಡ ಮುದ್ರಣಾಲಯಗಳು ಅಲ್ಲಿ. ಆದರೆ ಭಾಷೆಯು ದಿನದಿನವೂ ಬಾಳತಕ್ಕ ಸ್ಥಳವಾವುದು? ಕಾರ್ಕಳ ತಾಲೂಕಿನ ಅಜೆಕಾರಿನಂಥ ಊರುಗಳೇ ಅಲ್ಲವೆ?

ಈ ಊರಿನ ಹೆಸರನ್ನು ಎತ್ತಿದುದಕ್ಕೆ ಕಾರಣವುಂಟು. ಇಲ್ಲಿಯವರಾದ ಪತ್ರಕರ್ತ ದಿವಂಗತ ಶೇಖರ ಅಜೆಕಾರರು ಬೆಳದಿಂಗಳ ಸಾಹಿತ್ಯ ಸಮ್ಮೇಳನವೆಂಬ ಸೊಗಸಾದ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದು, ಹೆಸರು ಬಂದವರನ್ನೂ ಬಾರದವರನ್ನೂ ಒಂದೇ ಅಂಗಳದಲ್ಲಿ ಕೂಡಿಸಿದರು. 2023ರಲ್ಲಿ ಅವರು ಕಾಲವಶರಾದರು. ಅವರ ಗುಣಗಾನ ಮಾಡಿ ಸುಮ್ಮನಾಗುವುದು ಸುಲಭ. ಆದರೆ ಒಬ್ಬ ಉತ್ಸಾಹಿಯ ಹೆಗಲ ಮೇಲೆ ನಿಂತ ಕಾರ್ಯವು ಆ ಹೆಗಲಿಲ್ಲದಾಗ ಏನಾಗಬೇಕು? ನಮ್ಮ ಸಣ್ಣ ಊರುಗಳ ಸಾಹಿತ್ಯ ಕೂಟಗಳೆಲ್ಲಕ್ಕೂ ಇರತಕ್ಕ ಪ್ರಶ್ನೆ ಇದೇ.

ಇದೇ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪನನ್ನು ನೆನೆಯೋಣ. 1870ರಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಈ ಬಡ ಉಪಾಧ್ಯಾಯನೇ ನಮ್ಮ ಮುದ್ದಣ. ಈತನು ತನ್ನ ಕೃತಿಗಳನ್ನು ಹಳೆಯ ಕವಿಯದೆಂಬ ಸೋಗಿನಲ್ಲಿ ಮೈಸೂರಿಗೆ ಕಳುಹಿಸಿದನು. ಅಲ್ಲಿಯ ಪತ್ರಿಕೆಗಳು ಅವನ್ನು ಅಚ್ಚು ಹಾಕಿದುವು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯರೋಗಕ್ಕೆ ತುತ್ತಾದನು. ಬರೆದವನಾರೆಂಬ ನಿಜವು ನಾಡಿಗೆ ತಿಳಿದುದು ಆಮೇಲೆ. ಬದುಕಿರುವಾಗಲೇ ‘ಇದು ನಿನ್ನದು, ಓದು, ಕೇಳುತ್ತೇವೆ’ ಎನ್ನುವ ನಾಲ್ಕು ಜನರು ಊರಿನಲ್ಲಿ ಕೂಡುವುದೆಂದರೆ ಎಷ್ಟು ದೊಡ್ಡ ಮಾತೆಂಬುದನ್ನು ಈ ಒಂದು ಬಾಳೇ ಸಾರುವುದಿಲ್ಲವೆ?

ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ‘ಶ್ರೀರಾಮಾಶ್ವಮೇಧ’ದ ಕಟ್ಟೇ ಒಂದು ಮನೆಗೋಷ್ಠಿ. ಮಳೆಗಾಲದಲ್ಲಿ ಪತಿಯು ಕಥೆ ಹೇಳುತ್ತಾನೆ. ಪತ್ನಿ ಮನೋರಮೆ ಕೇಳುತ್ತಾಳೆ. ಆದರೆ ಆಕೆಯು ತಲೆದೂಗುವ ಬೊಂಬೆಯಲ್ಲ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಕಗ್ಗಂಟಾದ ಸಂಸ್ಕೃತಕ್ಕೆ ಮುಖ ಮುರಿಯುತ್ತಾಳೆ. ನಡುವೆ ತಡೆದು ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ. ಆಕೆಯ ಅಡ್ಡಮಾತಿನಿಂದಲೇ ಕಥೆಗೆ ಕಳೆ. ನಮ್ಮ ತಾಳಮದ್ದಳೆಯ ನೀತಿಯೂ ಇದೇ. ಅರ್ಥಧಾರಿಯೊಬ್ಬನ ಮಾತು ಜಾರಿದರೆ ಎದುರಾಳಿಯು ಅಲ್ಲಿಯೇ ಹಿಡಿಯುತ್ತಾನೆ, ಸಭೆಯು ಅದನ್ನು ಅರಿಯುತ್ತದೆ.

ನಮ್ಮ ಇಂದಿನ ಕವಿಗೋಷ್ಠಿಗಳಲ್ಲಿ ಈ ಮನೋರಮೆಯೆಲ್ಲಿ? ಸ್ವಾಗತ, ಹಾರ, ಶಾಲು, ಉದ್ಘಾಟನೆಗಳಲ್ಲಿ ಎರಡು ತಾಸು ಕಳೆಯುತ್ತದೆ. ಬಳಿಕ ಇಪ್ಪತ್ತು ಮಂದಿ ಕವಿಗಳಿಗೆ ತಲಾ ಮೂರು ನಿಮಿಷ. ತನ್ನದನ್ನು ಓದಿ ಮುಗಿಸಿದವನು ಚೀಲವನ್ನೆತ್ತಿಕೊಂಡು ಬಸ್ಸಿಗೆ ಓಡುತ್ತಾನೆ. ಕೊನೆಯ ಕವಿಗೆ ಬರಿಯ ಕುರ್ಚಿಗಳೇ ಶ್ರೋತೃಗಳು. ಎಲ್ಲವೂ ಚೆನ್ನಾಯಿತೆಂದು ಅಧ್ಯಕ್ಷರು ಹೇಳುತ್ತಾರೆ. ಎಲ್ಲವೂ ಚೆನ್ನಾದಲ್ಲಿ ಯಾವುದೂ ತಿದ್ದುವುದಿಲ್ಲ. ತಿದ್ದದಲ್ಲಿ ಬೆಳೆಯುವುದೂ ಇಲ್ಲ.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಸೀಮೆಯಲ್ಲಿ ಕನ್ನಡ ಗೋಷ್ಠಿಯೇಕೆಂದು ಕೆಲವರು ಕೇಳುವುದುಂಟು. ಈ ಸಂದೇಹವು ನಿರಾಧಾರವಾದುದು. ತುಳುವಿಗಾಗಿ ದುಡಿದ ಎಸ್. ಯು. ಪಣಿಯಾಡಿಯವರು 1932ರಲ್ಲಿ ತುಳು ವ್ಯಾಕರಣವನ್ನು ಬರೆದುದು ಕನ್ನಡದಲ್ಲಿಯೇ. ಮನೆಯ ಮಾತು ತಾಯಿಯಾದರೆ ಕನ್ನಡವು ಸಾಕಿದ ಅಜ್ಜಿ. ಇಬ್ಬರಿಗೂ ಒಂದೇ ಜಗಲಿಯಲ್ಲಿ ಸ್ಥಳವಿರಲಿ. ತುಳು ಪದ್ಯವೊಂದು ನಡುವೆ ಬಂದರೆ ಗೋಷ್ಠಿಗೆ ಶೋಭೆಯೇ ಹೊರತು ಕುಂದಲ್ಲ.

ಆದುದರಿಂದ ಶಾಲೆಗಳ ಉಪಾಧ್ಯಾಯರಲ್ಲಿಯೂ ಊರ ಮಹನೀಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಮೊದಲನೆಯದು, ವರ್ಷಕ್ಕೊಂದು ಜಾತ್ರೆಗಿಂತ ತಿಂಗಳಿಗೊಂದು ಹುಣ್ಣಿಮೆ ಮೇಲು. ನಾಲ್ವರೇ ಓದಲಿ, ಪ್ರತಿಯೊಬ್ಬರ ಬರಹವನ್ನೂ ಕುರಿತು ಕಾಲು ಗಂಟೆ ವಿಚಾರವಾಗಲಿ. ಎರಡನೆಯದು, ಇದಕ್ಕೆ ಮಂಟಪ ಬೇಡ. ಪಂಚಾಯತಿಯ ಗ್ರಂಥಾಲಯ ಸಾಕು. 1965ರ ಸಾರ್ವಜನಿಕ ಗ್ರಂಥಾಲಯ ಶಾಸನದ ಮೇರೆಗೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ತೆರುವವರು ಅದರ ಬಾಗಿಲನ್ನು ತಟ್ಟಲು ಸಂಕೋಚಪಡಬೇಕಾದುದಿಲ್ಲ. ಮೂರನೆಯದು, ಓದಿದ ಬರಹಗಳ ಪ್ರತಿಯನ್ನೂ ನಡೆದ ಚರ್ಚೆಯ ಸಾರಾಂಶವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕವು ಕೈಯಿಂದ ಕೈಗೆ ಸಾಗಲಿ. ಕಾರ್ಯದರ್ಶಿತ್ವವು ವರ್ಷ ವರ್ಷ ಬದಲಾಗಲಿ. ಆಗ ಯಾರೊಬ್ಬರ ಅಗಲಿಕೆಯಿಂದಲೂ ಕೂಟವು ಅಗಲದು.

ಸುಮಾರು ಒಂದು ಶತಮಾನದಷ್ಟು ಕಾಲ ದಕ್ಷಿಣ ಕನ್ನಡವು ಮದರಾಸಿಗೂ ಉತ್ತರ ಕನ್ನಡವು ಮುಂಬಯಿಗೂ ಸೇರಿದ್ದುವು. 1956ರ ನವೆಂಬರ್ 1ರಂದು ಅವು ಒಂದಾದುವು. 1948ರಲ್ಲಿ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಕಾಸರಗೋಡು ಮಾತ್ರ ಗಡಿಯ ಆಚೆಗೆ ಉಳಿಯಿತು. ಗಡಿಯನ್ನು ಸರಕಾರಗಳು ಎಳೆಯಬಲ್ಲವು. ಆದರೆ ಗಡಿಯೊಳಗೆ ಕನ್ನಡವು ಉಸಿರಾಡುವಂತೆ ಮಾಡುವುದು ಯಾವ ಸರಕಾರದ ಕೈಯಲ್ಲಿಯೂ ಇಲ್ಲ. ಒಬ್ಬನು ಓದಬೇಕು, ಇನ್ನೊಬ್ಬನು ಕೇಳಬೇಕು, ಕೇಳಿದವನು ನಿರ್ಭಯನಾಗಿ ಮರುಮಾತಾಡಬೇಕು. ಅಜೆಕಾರಿನ ಬೆಳದಿಂಗಳು ಒಬ್ಬರ ನೆನಪಾಗಿ ಉಳಿಯದೆ ಊರಿನ ವಾಡಿಕೆಯಾಗಲಿ ಎಂಬುದೇ ನಮ್ಮ ಹಾರೈಕೆ.