ಬೆಟ್ಟದ ಬುಡದಿಂದ: ಕೆಮ್ಮಿಲ್ಲದ ಕಚೇರಿ

ಕಳೆದ ಸಂಚಿಕೆಯಲ್ಲಿ ನಾವು ಆವಕಾಯಿಗೂ ನಮ್ಮ ಕಡೆಯ ಮಾವಿನ ಮಿಡಿಗೂ ಇರುವ ತಾರತಮ್ಯವನ್ನು ಕುರಿತು ನಾಲ್ಕು ಮಾತು ಬರೆದುದನ್ನು ಓದಿ, ಸಂಘದ ಸೋದರಿಯೊಬ್ಬರು, “ತಮಗೆ ತಿಳಿಯದ ವಿಷಯಕ್ಕೆ ಕೈಹಾಕುವುದನ್ನು ಇನ್ನಾದರೂ ಬಿಡಬೇಕು” ಎಂದು ಹೇಳಿಕಳುಹಿಸಿದ್ದಾರೆ. ಬುದ್ಧಿವಾದ ಸರಿಯಾದದ್ದೇ. ಆದರೆ ತಿಳಿದ ವಿಷಯವನ್ನೇ ಬರೆಯಬೇಕೆಂದು ಹಟ ಹಿಡಿದರೆ ಈ ಪುಟ ಮೂರು ತಿಂಗಳಿಗೊಮ್ಮೆ ಬಿಳಿಯಾಗಿಯೇ ಉಳಿದೀತು. ಆದಕಾರಣ ಈ ಸಲ, ನಮಗೆ ಉಪ್ಪಿನಕಾಯಿಗಿಂತಲೂ ಕಡಿಮೆ ತಿಳಿದಿರುವ ಇಂಗ್ಲಿಷ್ ಸಂಗೀತದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಕೊನೆಗೆ ಅದು ನಮ್ಮ ಸಂಘದ ವಿಚಾರಕ್ಕೇ ಬಂದು ನಿಲ್ಲುತ್ತದೆಯಾಗಿ, ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು.

ಅಡಿವಿವರಂನಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ಇಂಜಿನಿಯರಿಂಗ್ ಓದುತ್ತಾನೆ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಮೊಬೈಲಿನಲ್ಲಿ ಇಂಗ್ಲಿಷು. ನಮ್ಮನ್ನು “ಅಂಕಲ್” ಎನ್ನುತ್ತಾನೆ. ಅವನ ಕೋಣೆಯಿಂದ ಸಂಜೆಯ ಹೊತ್ತು ಬರುವ ಸದ್ದನ್ನು ನಾವು ಬಹುಕಾಲ ಮನೆ ರಿಪೇರಿಯದೆಂದೇ ತಿಳಿದಿದ್ದೆವು. ಒಂದು ದಿನ ಕೇಳಿಯೇಬಿಟ್ಟೆವು. “ಇದು ಪ್ರೊಗ್ರೆಸಿವ್ ರಾಕ್, ಅಂಕಲ್. ಅದರಲ್ಲೂ ಇದು ಲೈವ್ ಆಲ್ಬಂ. ಕೂತ್ಕೊಳ್ಳಿ” ಎಂದ. ಕುಳಿತೆವು.

ಪ್ರೊಗ್ರೆಸಿವ್ ರಾಕ್ ಎಂಬುದು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಪದ್ಧತಿಯಂತೆ. ಮೂರು ನಿಮಿಷದಲ್ಲಿ ಮುಗಿಯುವ ಪ್ರೇಮಗೀತೆಗಳಿಂದ ಬೇಸತ್ತ ಕೆಲವು ತರುಣರು, ಇಪ್ಪತ್ತು ನಿಮಿಷಕ್ಕೂ ಮೀರಿ ಹರಿಯುವ ರಚನೆಗಳನ್ನು ಮಾಡತೊಡಗಿದರು. ನಾಲ್ಕರ ನಡೆಯನ್ನು ಬಿಟ್ಟು ಐದು, ಏಳು, ಒಂಬತ್ತರ ಎಣಿಕೆಗೆ ಹೋದರು. ಜೆನೆಸಿಸ್ ಎಂಬ ತಂಡದ ‘ಸಪ್ಪರ್ಸ್ ರೆಡಿ’ ಎಂಬ ದೀರ್ಘ ರಚನೆಯಲ್ಲಿ ಒಂಬತ್ತರ ಲೆಕ್ಕದ ಭಾಗವೊಂದು ಬರುತ್ತದೆ. ಖಂಡ, ಮಿಶ್ರ, ಸಂಕೀರ್ಣ ಎಂದು ಬೆರಳೆಣಿಸಿ ಬೆಳೆದ ನಮಗೆ ಇದು ತೀರ ಪರಕೀಯವಾಗಿ ಕೇಳಲಿಲ್ಲ. ಸದ್ದು ಹೆಚ್ಚು, ನಿಜ. ಆದರೆ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತು. ಬೆಂಗಳೂರಿನಲ್ಲಿಯೇ 2003ರಲ್ಲಿ ಹುಟ್ಟಿದ ‘ಅಗಂ’ ಎಂಬ ತಂಡ ಕರ್ನಾಟಕ ಸಂಗೀತವನ್ನೂ ಈ ಪದ್ಧತಿಯನ್ನೂ ಒಂದೇ ವೇದಿಕೆಗೆ ತಂದಿದೆಯೆಂದು ಹುಡುಗ ಕೇಳಿಸಿದ ಮೇಲಂತೂ ನಮ್ಮ ಮುಖದ ಗಂಟು ಸಡಿಲವಾಯಿತು.

ಈ ತಂಡಗಳು ತಮ್ಮ ರಚನೆಗಳನ್ನು ಮೊದಲು ಸ್ಟುಡಿಯೋದಲ್ಲಿ ವಾರಗಟ್ಟಲೆ ತಿದ್ದಿ, ತೀಡಿ, ಪದರದ ಮೇಲೆ ಪದರ ಹಚ್ಚಿ ರೆಕಾರ್ಡು ಮಾಡುತ್ತವೆ. ಆಮೇಲೆ ಅದನ್ನೇ ಸಾವಿರಾರು ಜನರ ಮುಂದೆ ನುಡಿಸುವಾಗ ಮತ್ತೊಮ್ಮೆ ಮುದ್ರಿಸಿಕೊಂಡು ಮಾರುತ್ತವೆ. ನಮಗೆ ಇದು ವಿಚಿತ್ರವಾಗಿ ಕಂಡಿತು. ಒಮ್ಮೆ ನಿರ್ದುಷ್ಟವಾಗಿ ಮಾಡಿದ್ದನ್ನು ಇನ್ನೊಮ್ಮೆ ತಪ್ಪುಗಳೊಡನೆ ಏಕೆ ಕೊಳ್ಳಬೇಕು? ಹುಡುಗ ತಲೆ ಕೆರೆದುಕೊಂಡು, “ಅಂಕಲ್, ಬೆಟ್ಟದ ಮೇಲೆ ಚಂದನೋತ್ಸವದ ದಿನ ಅಷ್ಟು ದೊಡ್ಡ ಕ್ಯೂನಲ್ಲಿ ನೀವೇ ಯಾಕೆ ನಿಲ್ತೀರಿ?” ಎಂದ.

ಸಿಂಹಾಚಲದಲ್ಲಿ ಇರುವವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಡ. ನಮ್ಮ ವರಾಹ ನರಸಿಂಹಸ್ವಾಮಿ ವರ್ಷವೆಲ್ಲ ಚಂದನದ ಲೇಪದೊಳಗೆ ಇರುತ್ತಾನೆ. ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯೆಯ ಒಂದು ದಿನ ಮಾತ್ರ ನಿಜರೂಪ ದರ್ಶನ. ಚಂದನವೂ ಪೂಜೆಯೇ, ಅದರಲ್ಲಿ ಸುಳ್ಳಿಲ್ಲ. ಆದರೂ ಆ ಒಂದು ದಿನಕ್ಕಾಗಿ ಜನ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ.

ಹಾಗಾದರೆ ಒಳ್ಳೆಯ ಕಚೇರಿ ರೆಕಾರ್ಡಿನ ಲಕ್ಷಣವೇನು? ಈ ಪ್ರಶ್ನೆಯ ಮೇಲೆ ನಮಗೂ ಅವನಿಗೂ ನಾಲ್ಕಾರು ಸಂಜೆ ವಾದ ನಡೆಯಿತು.

ಮೊದಲನೆಯದಾಗಿ, ಸ್ಟುಡಿಯೋದಲ್ಲಿ ಆಗಲಾರದ್ದು ಅಲ್ಲಿ ಆಗಬೇಕು. ಯೆಸ್ ಎಂಬ ತಂಡ 1973ರಲ್ಲಿ ‘ಯೆಸ್‌ಸಾಂಗ್ಸ್’ ಎಂದು ಮೂರು ತಟ್ಟೆಗಳ, ಎರಡು ಗಂಟೆಗೂ ಮೀರಿದ ರೆಕಾರ್ಡನ್ನು ಹೊರಡಿಸಿತು. ಅದರ ಹಿಂದಿನ ವರ್ಷ ಪ್ರವಾಸದ ಹೊತ್ತಿಗೆ ಡ್ರಮ್ಸ್ ನುಡಿಸುತ್ತಿದ್ದ ಬಿಲ್ ಬ್ರೂಫೋರ್ಡ್ ತಂಡ ಬಿಟ್ಟಿದ್ದ. ಬದಲಿಗೆ ಬಂದ ಆಲನ್ ವೈಟ್‌ಗೆ ಆ ಕಷ್ಟದ ರಚನೆಗಳನ್ನೆಲ್ಲ ಕಲಿಯಲು ಸಿಕ್ಕಿದ್ದು ಮೂರೇ ದಿನ. ನಮ್ಮ ಕಡೆ ಪಕ್ಕವಾದ್ಯದವರು ಕೊನೆಯ ಗಳಿಗೆಯಲ್ಲಿ ಬಾರದೆ, ಊರಿನ ಮೃದಂಗದವನನ್ನು ಕರೆತಂದು ಕೂರಿಸಿದಂತೆ. ಆ ಆತಂಕ ರೆಕಾರ್ಡಿನಲ್ಲಿ ಓಟವಾಗಿ ಕೇಳುತ್ತದೆ. ಧ್ವನಿ ಸ್ವಲ್ಪ ಮಂಕು ಎಂದು ಆಕ್ಷೇಪಿಸುವವರುಂಟು; ಅವರೂ ಅದನ್ನು ಬಿಟ್ಟುಕೊಡುವುದಿಲ್ಲವಂತೆ.

ಎರಡನೆಯದು, ಹರವು. ಹಿಂದಿನ ಗ್ರಾಮಫೋನ್ ತಟ್ಟೆ ಒಂದು ಮಗ್ಗುಲಿಗೆ ಮೂರೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈ ವಿಶಾಖಪಟ್ಟಣದಲ್ಲಿ ಬೆಳೆದು, ವಿಜಯನಗರದ ಸಂಗೀತ ಕಾಲೇಜಿಗೆ ಪ್ರಿನ್ಸಿಪಾಲರಾದ ಪಿಟೀಲು ವಿದ್ವಾಂಸ ದ್ವಾರಂ ವೆಂಕಟಸ್ವಾಮಿ ನಾಯುಡು ಅವರಂಥವರೂ ರಾಗವನ್ನು ಆ ಡಬ್ಬಿಯೊಳಗೆ ಮಡಿಸಿಡಬೇಕಾಗಿತ್ತು. ಟೇಪು ಬಂದ ಮೇಲೆಯೇ ಕಚೇರಿಯ ನಿಜವಾದ ಉದ್ದಗಲ ಮನೆಗೆ ಬಂದದ್ದು. ನಾವು ಚಿಕ್ಕಂದಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳನ್ನು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಡಿ ಕೇಳಿದವರು. ಆ ಕಚೇರಿಗಳ ಮುದ್ರಿಕೆ ಕೇಳುವಾಗ ಹಾಡಿನ ಸಂದಿನಲ್ಲಿ ರಸ್ತೆಯ ಹಾರನ್ನು ಕೇಳಿದರೆ ನಮಗೆ ಬೇಸರವಾಗುವುದಿಲ್ಲ. ಪಾನಕದ ಲೋಟ ಕೈಗೆ ಬಂದಂತಾಗುತ್ತದೆ. ಜೆನೆಸಿಸ್ ತಂಡದ ‘ಸೆಕೆಂಡ್ಸ್ ಔಟ್’ ಎಂಬ 1977ರ ರೆಕಾರ್ಡಿನಲ್ಲಿ, ಮೇಲೆ ಹೇಳಿದ ಆ ದೀರ್ಘ ರಚನೆ ಸುಮಾರು 24 ನಿಮಿಷ, ತಟ್ಟೆಯ ಒಂದಿಡೀ ಮಗ್ಗುಲನ್ನು ತುಂಬಿದೆ. ಮೊದಲಿನ ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲಿ ತಂಡ ಬಿಟ್ಟಿದ್ದ. ಅವನ ಹಾಡನ್ನು ಡ್ರಮ್ಸ್‌ನ ಫಿಲ್ ಕಾಲಿನ್ಸ್ ಎದ್ದು ನಿಂತು ಹಾಡುತ್ತಾನೆ. ಇನ್ನೊಬ್ಬರ ಕಂಠಕ್ಕೆ ಹೊಲಿದ ಅಂಗಿ ತನಗೆ ಹಿಡಿಸೀತೇ ಎಂಬ ಪರೀಕ್ಷೆ ಜನರ ಮುಂದೆಯೇ ನಡೆಯುತ್ತದೆ.

ಮೂರನೆಯದು, ಕೇಳುವವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರು ‘ಕನ್ನಡವೇ ಸತ್ಯ’ ನಡೆಸಿದಾಗ ಲಕ್ಷಕ್ಕೂ ಮೀರಿ ಜನ ಸೇರಿದ್ದರೆಂದು ನಾವೆಲ್ಲ ಇಲ್ಲಿ ಕುಳಿತೇ ಹೆಮ್ಮೆಪಟ್ಟೆವಲ್ಲವೆ? ಭಾವಗೀತೆ ಒಬ್ಬನ ಕೋಣೆಯ ಮಾತು. ಅಂದು ಅದು ಒಂದು ಮೈದಾನದ ಮಾತಾಯಿತು. ಆ ಜನರ ಸದ್ದನ್ನು ತೆಗೆದುಬಿಟ್ಟರೆ ಅಂದಿನ ಅರ್ಥವೇ ಹೋಯಿತು.

ಇಲ್ಲಿ ಹುಡುಗ ನಮ್ಮನ್ನು ತಡೆದ. “ಹಾಗನ್ನಬೇಡಿ ಅಂಕಲ್. ಕಿಂಗ್ ಕ್ರಿಮ್ಸನ್ ಅಂತ ಒಂದು ತಂಡ. 1973ರ ನವೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಭಾಂಗಣದಲ್ಲಿ ನುಡಿಸಿದ್ದರಲ್ಲಿ ಬೇಕಾದಷ್ಟನ್ನು ತಗೊಂಡು, ಚಪ್ಪಾಳೆಯನ್ನೆಲ್ಲ ಅಳಿಸಿ, ಸ್ಟುಡಿಯೋ ರೆಕಾರ್ಡಿನ ಹಾಗೇ 1974ರಲ್ಲಿ ಹೊರಡಿಸಿದರು. ಅದೂ ಚೆನ್ನಾಗಿದೆ.” ಕೇಳಿದೆವು, ಚೆನ್ನಾಗಿಯೇ ಇತ್ತು. ಆದರೆ ಅವನೇ ಇನ್ನೊಂದು ಮಾತು ಸೇರಿಸಿದ: ಅಂದಿನ ರಾತ್ರಿಯ ಕಚೇರಿಯನ್ನು ಚಪ್ಪಾಳೆಯೊಡನೆ 1997ರಲ್ಲಿ ‘ದಿ ನೈಟ್ ವಾಚ್’ ಎಂದು ಬೇರೆಯಾಗಿ ಹೊರಡಿಸಿದರಂತೆ. ಇಪ್ಪತ್ತಮೂರು ವರ್ಷದ ಮೇಲೂ ಜನಕ್ಕೆ ಆ ರಾತ್ರಿ ಬೇಕಾಗಿತ್ತು ಎಂದಾಯಿತು. ಅದು ಸಾಧ್ಯವಾದದ್ದು ಮೂಲದ ಟೇಪು ಉಳಿದಿದ್ದರಿಂದ. ಈ ಕೊನೆಯ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ಅಂದು ಇಡಲಿಲ್ಲ.

ಈಗ ನಮ್ಮ ಸಂಘದ ವಿಚಾರ. 1987ರ ರಾಜ್ಯೋತ್ಸವವನ್ನು ನೆನೆಯುವ ಹಿರಿಯ ಸದಸ್ಯರು ಇನ್ನೂ ಕೆಲವರಿದ್ದಾರೆ. ಉಕ್ಕಿನ ಕಾರ್ಖಾನೆ ಕಟ್ಟುತ್ತಿದ್ದ ಕಾಲ. ಅಲ್ಲಿ ಕೆಲಸಕ್ಕೆ ಬಂದಿದ್ದ ನಮ್ಮ ಹಿರಿಯರೊಬ್ಬರು ಅಂದು ದೇವರನಾಮಗಳನ್ನು ಹಾಡಿದರು. ಕಸುಬಿನ ಸಂಗೀತಗಾರರಲ್ಲ, ಹಗಲೆಲ್ಲ ಧೂಳಿನಲ್ಲಿ ನಿಂತು ಸಂಜೆ ಸ್ನಾನ ಮಾಡಿ ಹಾಡುತ್ತಿದ್ದವರು. ಮೂರನೆಯ ಹಾಡಿನ ನಡುವೆ ಕರೆಂಟು ಹೋಯಿತು. ಮೈಕು ಸತ್ತಿತು. ಅವರು ನಿಲ್ಲಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಟೇಪ್ ರೆಕಾರ್ಡರು ಬ್ಯಾಟರಿಯದಾದ್ದರಿಂದ ಅದೂ ನಿಲ್ಲಲಿಲ್ಲ. ಆ ಒಂದು ಕ್ಯಾಸೆಟ್ಟು ಉಳಿಯಿತು. ಹಾಡಿದವರು ಈಗ ಇಲ್ಲ.

ಈ ವರ್ಷದ ರಾಜ್ಯೋತ್ಸವಕ್ಕೆ ಸದಸ್ಯರಿಗೆಲ್ಲ ಅದರ ಪ್ರತಿ ಹಂಚಬೇಕೆಂದು ಸಮಿತಿ ತೀರ್ಮಾನಿಸಿತು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಈ ಹುಡುಗನಿಗೆ ಒಪ್ಪಿಸಿದೆವು. ಒಪ್ಪಿಸುವಾಗ, ಸಮಿತಿಯ ಪರವಾಗಿ, ಈ ಅಂಕಣದ ಬರೆಹಗಾರರಾದ ನಾವೇ ಹೇಳಿದೆವು: “ಕೆಮ್ಮು, ಮಕ್ಕಳ ಅಳು, ಕುರ್ಚಿ ಎಳೆದ ಸದ್ದು ಎಲ್ಲ ತೆಗೆದು ಚೊಕ್ಕಟ ಮಾಡಪ್ಪ. ಮರ್ಯಾದೆಯಾಗಿ ಕೇಳುವ ಹಾಗಿರಲಿ.” ಹುಡುಗ ಒಮ್ಮೆ ನಮ್ಮ ಮುಖ ನೋಡಿದ. ಹಿರಿಯರ ಮಾತು, ಮಾಡಿದ. ಬಹಳ ಚೆನ್ನಾಗಿ ಮಾಡಿದ.

ಸೀತಮ್ಮಧಾರದಲ್ಲಿ ಮಗನೊಡನೆ ಇರುವ ಆ ಹಿರಿಯರ ಪತ್ನಿಯವರಿಗೆ ಮೊದಲು ಕೇಳಿಸಬೇಕೆಂದು ಇಬ್ಬರೂ ಹೋದೆವು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಕಾಫಿ ತಂದುಕೊಟ್ಟು, “ಹಾಡು ಚೆನ್ನಾಗಿ ಬಂದಿದೆ. ಆದರೆ ಎರಡನೇ ಹಾಡಿಗೆ ಮುಂಚೆ ಇವರು ಏನೋ ಮಾತಾಡಿದ್ದರಲ್ಲ, ಅದೆಲ್ಲಿ ಹೋಯಿತು?” ಎಂದರು. ಹುಡುಗ ನಮ್ಮನ್ನು ನೋಡಿದ. ನಾವು ಕಾಫಿಯನ್ನು ನೋಡಿದೆವು.

ಅವರು ಸಾವಕಾಶವಾಗಿ ಹೇಳಿದರು: “ಹಾಡಿದ್ದು ಇನ್ನೂ ಒಂದೆರಡು ಕಡೆ ಇದೆ ಕಣಪ್ಪ. ಮಾತಾಡಿದ್ದು ಅದೊಂದರಲ್ಲೇ ಇರೋದು.”

ನಾವು ಅಂದು ಬೆಟ್ಟದ ಬುಡಕ್ಕೆ ಮರಳುವ ಬಸ್ಸಿನಲ್ಲಿ ಮಾತಾಡಲಿಲ್ಲ. ಕೊನೆಗೆ ಹುಡುಗನೇ, “ಅಂಕಲ್, ಒರಿಜಿನಲ್ ಹಾಗೇ ಇಟ್ಟಿದ್ದೀನಿ. ಯಾವತ್ತೂ ಅಳಿಸಲ್ಲ” ಎಂದ. ಮನೆಗೆ ಬಂದು ಅದನ್ನು ಹಾಕಿ ಕೇಳಿದೆವು. ಎರಡನೆಯ ಹಾಡಿಗೆ ಮುಂಚೆ ಅವರು, “ಸ್ವಲ್ಪ ತಡೀರಿ, ಶ್ರುತಿ ಸೇರಲಿ” ಎಂದು ನಗುತ್ತಾರೆ. ಅಷ್ಟೆ. ಮೂರನೆಯದರ ನಡುವೆ ಕರೆಂಟು ಹೋದಾಗ ಧ್ವನಿ ಒಮ್ಮೆಲೆ ದೂರ ಸರಿಯುತ್ತದೆ. ಒಂದು ಮಗು ಅಳುತ್ತದೆ. ಆಮೇಲೆ ಒಂದರ ಹಿಂದೊಂದು ಕುರ್ಚಿಗಳು ನೆಲದ ಮೇಲೆ ಎಳೆದು ಮುಂದೆ ಬರುತ್ತವೆ. ಕತ್ತಲಲ್ಲಿ ಜನ ಹಾಡಿನ ಹತ್ತಿರಕ್ಕೆ ಬರುತ್ತಿದ್ದಾರೆ. ಆಮೇಲೆ ಎಲ್ಲರೂ ಪಲ್ಲವಿಗೆ ದನಿಗೂಡಿಸುತ್ತಾರೆ. ಚೊಕ್ಕಟ ಮಾಡಿದ ಪ್ರತಿಯಲ್ಲಿ ಆ ತಗ್ಗಿದ ಧ್ವನಿಯನ್ನು ಮೇಲೆತ್ತಿ ಸಮ ಮಾಡಿದ್ದ. ಅದರಲ್ಲಿ ಕರೆಂಟು ಹೋಗಿಯೇ ಇರಲಿಲ್ಲ. ಕತ್ತಲೆಯನ್ನೂ ಕುರ್ಚಿಗಳನ್ನೂ ತೆಗೆಸಿದವರು ನಾವು.

ಹಾಗಾದರೆ ಏನನ್ನೂ ತಿದ್ದಬಾರದೆ? ತಿದ್ದಬಹುದು. ಕಿಂಗ್ ಕ್ರಿಮ್ಸನ್ ತಂಡವೇ 1975ರ ‘ಯುಎಸ್ಎ’ ಎಂಬ ಕಚೇರಿ ರೆಕಾರ್ಡಿಗೆ ಬೇರೊಬ್ಬನಿಂದ ಪಿಟೀಲನ್ನು ಆಮೇಲೆ ನುಡಿಸಿ ಸೇರಿಸಿತಂತೆ. ಅದು ಸರಿಯೋ ತಪ್ಪೋ ಎಂದು ರಸಿಕರು ಇಂದಿಗೂ ಜಗಳವಾಡಲಿ. ನಮಗೆ ತೋರಿದ ನಿಯಮ ಇಷ್ಟು: ಯಂತ್ರದ ತಪ್ಪನ್ನು ತಿದ್ದಬಹುದು, ರಾತ್ರಿಯ ತಪ್ಪನ್ನು ತಿದ್ದಬಾರದು. ಟೇಪಿನ ಬುಸುಗುಟ್ಟುವಿಕೆ, ಯಂತ್ರದ ಗುಂಯ್ ಎಂಬ ನಾದ, ಇವು ಯಂತ್ರದವು, ಹೋಗಲಿ. ಮಗು, ಕುರ್ಚಿ, ಕತ್ತಲೆ, ಗೆರೆ ತಪ್ಪಿದ ಒಂದು ಸ್ವರ, ಇವು ಆ ರಾತ್ರಿಯವು, ಇರಲಿ. ಇಂಗ್ಲೆಂಡಿನ ತಂಡಕ್ಕೂ ನಮ್ಮ ಸಂಘಕ್ಕೂ ಇದರಲ್ಲಿ ಭೇದವಿಲ್ಲ.

ಇದೇ ಕಳಿಂಗ ಸೀಮೆಯಲ್ಲಿ ಏಳು ಶತಮಾನದ ಹಿಂದೆ ನರಹರಿತೀರ್ಥರು ದೊಡ್ಡ ಅಧಿಕಾರದಲ್ಲಿದ್ದರು. ಶ್ರೀಕೂರ್ಮದ 1281ರ ಶಾಸನ ಅವರನ್ನು ನೆನೆಯುತ್ತದೆ. ಹರಿದಾಸರಲ್ಲಿ ಅವರನ್ನು ಮೊದಲಿಗರ ಸಾಲಿನಲ್ಲಿ ಎಣಿಸುತ್ತಾರೆ. ಅವರ ಕನ್ನಡ ಪದಗಳಲ್ಲಿ ಉಳಿದವು ಕೆಲವೇ ಕೆಲವು. ಸಿಂಹಾಚಲದ ಕಲ್ಲಿನ ಮೇಲೆ ಕೃಷ್ಣದೇವರಾಯನ 1516ರ ಕಾಣಿಕೆಯ ಲೆಕ್ಕ ಇಂದಿಗೂ ಓದಲು ಸಿಗುತ್ತದೆ. ಕಲ್ಲಿಗೆ ಲೆಕ್ಕ ನಿಲ್ಲುತ್ತದೆ, ದನಿ ನಿಲ್ಲುವುದಿಲ್ಲ. ನಮ್ಮ ಕಾಲಕ್ಕೆ ದನಿ ನಿಲ್ಲಿಸುವ ಉಪಾಯ ಸಿಕ್ಕಿದೆ. ಸಿಕ್ಕಿದ್ದನ್ನು ನಾವೇ ಚೊಕ್ಕಟ ಮಾಡಿ ಕಳೆಯಬಾರದು.

ವಾಚಕರಲ್ಲಿ ಒಂದು ವಿನಂತಿ. ಹಳೆಯ ಕ್ಯಾಸೆಟ್ಟುಗಳು ನಿಮ್ಮ ಅಟ್ಟದ ಮೇಲೆ ಇದ್ದರೆ ಇಳಿಸಿ ನೋಡಿ. ಈ ಕಡಲತೀರದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ; ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ ತಿಳಿದವರಿಗೆ ಕೊಡಿ. ಸ್ಪೀಕರಿನ ಹತ್ತಿರ ಇಡಬೇಡಿ, ಅದರ ಅಯಸ್ಕಾಂತ ದನಿಯನ್ನು ತಿನ್ನುತ್ತದೆ. ಪ್ರತಿ ಮಾಡಿದ ಮೇಲೂ ಮೂಲವನ್ನು ಎಸೆಯಬೇಡಿ. ಮದುವೆ, ಸೀಮಂತ, ಅಜ್ಜಿಯ ಶೋಭಾನೆ, ಯಾವುದಾದರೂ ಸರಿ. ನಮ್ಮ ಹುಡುಗ ಇಳಿಸಿಕೊಡಲು ಒಪ್ಪಿದ್ದಾನೆ. ಪ್ರತಿಫಲವಾಗಿ ಅವನ ರಾಕ್ ಸಂಗೀತವನ್ನು ಒಂದು ಸಂಜೆ ಕೇಳಬೇಕಾದೀತು. ಭಯಪಡಬೇಕಾಗಿಲ್ಲ, ತಾಳ ಹಾಕುತ್ತ ಕುಳಿತರೆ ಒಗ್ಗುತ್ತದೆ.

ನವೆಂಬರ್ 1ರಂದು ಸದಸ್ಯರ ಕೈಗೆ ಬರುವ ಪ್ರತಿಯಲ್ಲಿ ಬುಸುಗುಟ್ಟುವಿಕೆಯನ್ನು ಬಿಟ್ಟು ಬೇರೇನನ್ನೂ ತೆಗೆದಿಲ್ಲ. ಮೊದಲನೆಯ ಹಾಡಿನ ಚರಣದಲ್ಲಿ ಎರಡು ಬಾರಿ ಜೋರಾಗಿ ಕೇಳುವ ಕೆಮ್ಮು ನಮ್ಮದು. ವಾಚಕರು ಕ್ಷಮಿಸಬೇಕು.